ಗಳಿಗೆ ಹೊತ್ತಿನ ವಿಳಾಸ: ಕರ್ನಲ್ ತಾತ್ಕಾಲಿಕವಾಗಿ ಮೆಮೊರಿ ಮ್ಯಾಪ್ ಮಾಡುವ ಬಗೆ

ಆಪರೇಟಿಂಗ್ ಸಿಸ್ಟಮ್ ವಿಷಯದಲ್ಲಿ ಪೇಜಿಂಗ್ ಪಾಠ ಮುಗಿದ ಮೇಲೆ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಒಂದು ಚಿತ್ರ ಉಳಿದುಬಿಡುತ್ತೆ: ವರ್ಚುವಲ್ ಅಡ್ರೆಸ್ ಅನ್ನೋದು ಸಾಮಾನ್ಯ ಪ್ರೋಗ್ರಾಮ್‌ಗಳಿಗೆ ಮಾತ್ರ, ಕರ್ನಲ್‌ಗಾದರೆ ಇಡೀ ರ‍್ಯಾಮ್ ನೇರವಾಗಿ ಕಾಣುತ್ತೆ. ಈ ಚಿತ್ರ ಪೂರ್ತಿ ಸರಿಯಲ್ಲ. ಪ್ರೊಸೆಸರ್‌ನಲ್ಲಿ ಪೇಜಿಂಗ್ ಒಮ್ಮೆ ಚಾಲೂ ಆಯಿತು ಅಂದ್ರೆ ಕರ್ನಲ್ ಕೂಡ ಒಂದು ಬೈಟ್ ಓದಬೇಕಾದರೆ ಅದಕ್ಕೊಂದು ವರ್ಚುವಲ್ ಅಡ್ರೆಸ್ ಇರಲೇಬೇಕು. ರ‍್ಯಾಮ್ ಚಿಪ್ ಬೋರ್ಡ್ ಮೇಲೆ ಕೂತಿರಬಹುದು, ಬಿಲ್ ಕೊಟ್ಟು ತಂದಿರಬಹುದು. ಪೇಜ್ ಟೇಬಲ್‌ನಲ್ಲಿ ಅದಕ್ಕೆ ಒಂದು ಸಾಲು ಇಲ್ಲದಿದ್ದರೆ ಕರ್ನಲ್ ಅದನ್ನು ಮುಟ್ಟೋಕೆ ಆಗಲ್ಲ.

ಈ ಲೇಖನದಲ್ಲಿ ನಾವು ನೋಡೋದು ಇಂಥ ಸಂದರ್ಭವನ್ನು. ಮೆಮೊರಿ ಇದೆ, ವಿಳಾಸ ಸಾಲದು. ಆಗ ಒಂದು ಗಳಿಗೆ ಮಟ್ಟಿಗೆ ವಿಳಾಸ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳೋದು ಹೇಗೆ? ಲಿನಕ್ಸ್ ಕರ್ನಲ್ ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಮೂರು ಉತ್ತರ ಕೊಟ್ಟಿದೆ. ಒಂದೊಂದೂ ಒಂದು ಕಷ್ಟ ಬಗೆಹರಿಸಿ ಇನ್ನೊಂದನ್ನು ತಂದಿಟ್ಟಿದೆ. ಆ ಕೊಡು-ಕೊಳ್ಳುವ ಲೆಕ್ಕವೇ ಇವತ್ತಿನ ಪಾಠ.

ಮೆಮೊರಿ ಇದೆ, ವಿಳಾಸ ಇಲ್ಲ

32-ಬಿಟ್ ಎಕ್ಸ್86 ಪ್ರೊಸೆಸರ್ ತಗೊಳ್ಳೋಣ. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು ಒಟ್ಟು 4 ಜಿಬಿ. ಲಿನಕ್ಸ್ ರೂಢಿಯಂತೆ ಇದನ್ನು ಎರಡು ಪಾಲು ಮಾಡುತ್ತೆ: ಕೆಳಗಿನ 3 ಜಿಬಿ ಪ್ರೋಗ್ರಾಮ್‌ಗೆ, ಮೇಲಿನ 1 ಜಿಬಿ ಕರ್ನಲ್‌ಗೆ. ಕರ್ನಲ್ ತನ್ನ 1 ಜಿಬಿಯಲ್ಲಿ 896 ಎಂಬಿಯನ್ನು ರ‍್ಯಾಮ್‌ನ ಮೊದಲ 896 ಎಂಬಿಗೆ ಶಾಶ್ವತವಾಗಿ ಜೋಡಿಸಿಬಿಡುತ್ತೆ. ಇದಕ್ಕೆ ಡೈರೆಕ್ಟ್ ಮ್ಯಾಪ್ ಅಂತ ಹೆಸರು. ಇಲ್ಲಿ ಫಿಸಿಕಲ್ ಅಡ್ರೆಸ್‌ಗೆ ಒಂದು ಸ್ಥಿರ ಸಂಖ್ಯೆ ಕೂಡಿಸಿದರೆ ವರ್ಚುವಲ್ ಅಡ್ರೆಸ್ ಸಿಕ್ಕಿತು, ಅಷ್ಟೇ. ಉಳಿದ 128 ಎಂಬಿ ವಿಳಾಸ ಬೇರೆ ಬೇರೆ ಕೆಲಸಗಳಿಗೆ ಮೀಸಲು.

ರ‍್ಯಾಮ್ 512 ಎಂಬಿ ಇದ್ದಾಗ ಇದು ಚೆನ್ನಾಗೇ ನಡೆಯಿತು. ತೊಂದರೆ ಬಂದದ್ದು ರ‍್ಯಾಮ್ ಅಗ್ಗವಾದ ಮೇಲೆ. 1995ರ ಪೆಂಟಿಯಂ ಪ್ರೋ ಜೊತೆ ಪಿಎಇ ಎಂಬ ಸೌಲಭ್ಯ ಬಂತು. ಫಿಸಿಕಲ್ ಅಡ್ರೆಸ್ 36 ಬಿಟ್‌ಗೆ ಏರಿ 64 ಜಿಬಿ ರ‍್ಯಾಮ್ ತನಕ ಹಾಕಲು ದಾರಿ ಆಯಿತು. ಆದರೆ ವರ್ಚುವಲ್ ಅಡ್ರೆಸ್ ಮಾತ್ರ 32 ಬಿಟ್‌ನಲ್ಲೇ ಉಳಿಯಿತು. 896 ಎಂಬಿ ಗೆರೆಯ ಆಚೆಗಿನ ರ‍್ಯಾಮ್‌ಗೆ ಲಿನಕ್ಸ್ ಇಟ್ಟ ಹೆಸರು ಹೈ ಮೆಮೊರಿ, ಚಿಕ್ಕದಾಗಿ ಹೈಮೆಮ್.

ಒಂದು ಲೆಕ್ಕ ಹಾಕೋಣ. ಪಿಎಇ ಇರುವ, 4 ಜಿಬಿ ರ‍್ಯಾಮ್‌ನ ಯಂತ್ರ. 4096ರಲ್ಲಿ 896 ಕಳೆದರೆ 3200 ಎಂಬಿ ಹೈಮೆಮ್. ಒಂದು ಪೇಜ್ 4 ಕೆಬಿ, ಅಂದ್ರೆ ಒಂದು ಎಂಬಿಗೆ 256 ಪೇಜ್. ಒಟ್ಟು 8,19,200 ಪೇಜ್‌ಗಳಿಗೆ ಕರ್ನಲ್ ಕಡೆಯಿಂದ ಕಾಯಂ ವಿಳಾಸವೇ ಇಲ್ಲ. ಇವುಗಳನ್ನು ಒಂದೊಂದಾಗಿ ನೋಡಲು ಅಂತ ಮೀಸಲಿಟ್ಟ ಸ್ಲಾಟ್‌ಗಳು 512. ಒಂದೊಂದು ಸ್ಲಾಟ್ ಹಿಂದೆ 1600 ಪೇಜ್‌ಗಳ ಸಾಲು.

ಬಸ್ ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ಬಸ್ಸುಗಳು ನೂರಾರು, ಪ್ಲಾಟ್‌ಫಾರ್ಮ್‌ಗಳು ಹತ್ತೋ ಹನ್ನೆರಡೋ. ಎಲ್ಲ ಬಸ್ಸಿಗೂ ಕಾಯಂ ಪ್ಲಾಟ್‌ಫಾರ್ಮ್ ಕೊಡೋಕೆ ಆಗಲ್ಲ. ಬಂದ ಬಸ್ಸು ಒಂದಿಷ್ಟು ಹೊತ್ತು ನಿಂತು, ಜನ ಹತ್ತಿಸಿಕೊಂಡು ಜಾಗ ಬಿಡಬೇಕು. ತಾತ್ಕಾಲಿಕ ಮ್ಯಾಪಿಂಗ್ ಅಂದ್ರೆ ಇದೇ.

"ವಿಭಜನೆಯನ್ನೇ ಬದಲಾಯಿಸಿದರೆ ಆಗಲ್ವಾ?" ಅಂತ ಕೇಳಬಹುದು. ಆಗುತ್ತೆ. 2 ಜಿಬಿ–2 ಜಿಬಿ ಅಂತ ಸಮಪಾಲು ಮಾಡುವ ಆಯ್ಕೆ ಕರ್ನಲ್ ಕಾನ್ಫಿಗರೇಷನ್‌ನಲ್ಲಿ ಇದೆ. ಆದರೆ ಆಗ ಡೇಟಾಬೇಸ್‌ನಂಥ ದೊಡ್ಡ ಪ್ರೋಗ್ರಾಮ್‌ಗೆ 1 ಜಿಬಿ ವಿಳಾಸ ಖೋತಾ. 2003ರಲ್ಲಿ ಇಂಗೋ ಮೊಲ್ನಾರ್ 4 ಜಿಬಿ–4 ಜಿಬಿ ಎಂಬ ಪ್ಯಾಚ್ ಬರೆದರು. ಕರ್ನಲ್‌ಗೂ ಪ್ರೋಗ್ರಾಮ್‌ಗೂ ಬೇರೆ ಬೇರೆ ಪೇಜ್ ಟೇಬಲ್. ರೆಡ್ ಹ್ಯಾಟ್ ತನ್ನ ಹ್ಯೂಜ್‌ಮೆಮ್ ಕರ್ನಲ್‌ನಲ್ಲಿ ಇದನ್ನು ಬಳಸಿತು. ಅದರ ಬೆಲೆ ಏನು ಅಂದ್ರೆ, ಪ್ರತಿ ಸಿಸ್ಟಮ್ ಕಾಲ್‌ಗೂ ಪೇಜ್ ಟೇಬಲ್ ಬದಲಿಸಬೇಕು. ಜಾಗ ಸಿಕ್ಕಿತು, ಸಮಯ ಹೋಯಿತು.

ಹಾಕೋದು ಸುಲಭ, ಅಳಿಸೋದು ದುಬಾರಿ

ಮ್ಯಾಪ್ ಮಾಡೋದು ಅಂದ್ರೆ ಪೇಜ್ ಟೇಬಲ್‌ನ ಒಂದು ಸಾಲಿನಲ್ಲಿ ಒಂದು ಸಂಖ್ಯೆ ಬರೆಯೋದು. ಇದರಲ್ಲಿ ಏನು ಖರ್ಚಿದೆ ಅನ್ನಿಸಬಹುದು. ಖರ್ಚು ಇರೋದು ಅಳಿಸುವಾಗ.

ಪ್ರತಿ ಕೋರ್ ಇತ್ತೀಚೆಗೆ ಬಳಸಿದ ವಿಳಾಸಗಳ ಅನುವಾದವನ್ನು ಟಿಎಲ್‌ಬಿ ಎಂಬ ತನ್ನದೇ ಚಿಕ್ಕ ಕ್ಯಾಶ್‌ನಲ್ಲಿ ನೆನಪಿಟ್ಟುಕೊಳ್ಳುತ್ತೆ. ನಾವು ಪೇಜ್ ಟೇಬಲ್ ತಿದ್ದಿದರೂ ಆ ಹಳೇ ನೆನಪು ಎಕ್ಸ್86ನಲ್ಲಿ ತಾನಾಗಿ ಅಳಿಯಲ್ಲ. ನಮ್ಮ ಕೋರ್‌ನ ಒಂದು ಸಾಲು ಅಳಿಸಲು ಒಂದು ಇನ್‌ಸ್ಟ್ರಕ್ಷನ್ ಸಾಕು. ಬೇರೆ ಕೋರ್‌ನ ಟಿಎಲ್‌ಬಿಯನ್ನು ಸಾಮಾನ್ಯವಾಗಿ ನಾವು ಇಲ್ಲಿಂದ ಮುಟ್ಟೋಕೆ ಆಗಲ್ಲ. ಅದಕ್ಕೆ ಇಂಟರಪ್ಟ್ ಕಳಿಸಬೇಕು, ಅದು ಕೈಯಲ್ಲಿದ್ದ ಕೆಲಸ ಬಿಟ್ಟು ಅಳಿಸಬೇಕು, "ಆಯ್ತು" ಅಂತ ಹೇಳಬೇಕು, ಅಲ್ಲಿಯ ತನಕ ನಾವು ಕಾಯಬೇಕು. ಇದಕ್ಕೆ ಟಿಎಲ್‌ಬಿ ಶೂಟ್‌ಡೌನ್ ಅಂತಾರೆ. ಕೋರ್‌ಗಳ ಸಂಖ್ಯೆ ಏರಿದಷ್ಟೂ ಕಾಯುವ ಹೊತ್ತು ಏರುತ್ತೆ.

ಬಸ್ ಸ್ಟ್ಯಾಂಡ್‌ನಲ್ಲಿ ಬೋರ್ಡ್ ಬದಲಿಸೋದು ಒಂದು ನಿಮಿಷದ ಕೆಲಸ. ಆದರೆ ಹಳೇ ಬೋರ್ಡ್ ನೋಡಿಕೊಂಡು ಹೋದವರನ್ನೆಲ್ಲ ಮೈಕ್‌ನಲ್ಲಿ ಕೂಗಿ ಕರೆದು, ಎಲ್ಲರಿಗೂ ತಿಳಿಯಿತು ಅಂತ ಖಾತ್ರಿ ಮಾಡಿಕೊಳ್ಳೋದು ಇದೆಯಲ್ಲ, ಅದು ನಿಜವಾದ ಕೆಲಸ. ಕೂಗದೇ ಬಿಟ್ಟರೆ ಜನ ತಪ್ಪು ಬಸ್ ಹತ್ತುತ್ತಾರೆ. ಕರ್ನಲ್ ಭಾಷೆಯಲ್ಲಿ ಹೇಳೋದಾದ್ರೆ ಒಬ್ಬರ ಪೇಜ್‌ಗೆ ಇನ್ನೊಬ್ಬರ ಡೇಟಾ ಬರೆದುಬಿಡುತ್ತೆ.

ಮುಂದಿನ ಮೂರೂ ವಿನ್ಯಾಸಗಳನ್ನು ಓದುವಾಗ ಈ ಒಂದು ಪ್ರಶ್ನೆ ಕೈಯಲ್ಲಿ ಹಿಡಿದಿರಿ: ಈ ವಿಳಾಸ ಯಾರಿಗೆಲ್ಲ ಕಾಣುತ್ತೆ? ಕಾಣುವವರು ಜಾಸ್ತಿ ಆದಷ್ಟೂ ಅಳಿಸುವ ಖರ್ಚು ಜಾಸ್ತಿ.

ಮೊದಲ ಉತ್ತರ: ಕೆಮ್ಯಾಪ್

ಕೆಮ್ಯಾಪ್ ಎಂಬ ಫಂಕ್ಷನ್‌ಗೆ ಒಂದು ಪೇಜ್ ಕೊಟ್ಟರೆ ಅದು ವಿಳಾಸ ಕೊಡುತ್ತೆ. ಪೇಜ್ ಕೆಳಗಿನ 896 ಎಂಬಿಯಲ್ಲೇ ಇದ್ದರೆ ಡೈರೆಕ್ಟ್ ಮ್ಯಾಪ್ ವಿಳಾಸ ಕೊಟ್ಟು ಮುಗಿಸುತ್ತೆ. ಹೈಮೆಮ್ ಪೇಜ್ ಆದರೆ ಸ್ಲಾಟ್ ಹುಡುಕುತ್ತೆ. ಎಕ್ಸ್86ನಲ್ಲಿ ಪಿಎಇ ಇಲ್ಲದಿದ್ದರೆ 1024 ಸ್ಲಾಟ್, ಇದ್ದರೆ 512.

ಇಲ್ಲಿ ಸಿಗುವ ವಿಳಾಸ ಎಲ್ಲ ಕೋರ್‌ಗಳಿಗೂ, ಎಲ್ಲ ಥ್ರೆಡ್‌ಗಳಿಗೂ ಸಲ್ಲುತ್ತೆ. ಪಾಯಿಂಟರ್ ಇನ್ನೊಬ್ಬರಿಗೆ ಕೊಡಬಹುದು, ಹಿಡಿದುಕೊಂಡೇ ನಿದ್ದೆ ಹೋಗಬಹುದು. ಬಳಸುವವರಿಗೆ ಇದಕ್ಕಿಂತ ಅನುಕೂಲ ಇಲ್ಲ. ಎಲ್ಲರಿಗೂ ಕಾಣುತ್ತೆ ಅಂದ ಮೇಲೆ ಅಳಿಸಲು ಶೂಟ್‌ಡೌನ್ ಬೇಕೇ ಬೇಕು. ಪ್ರತಿ ಸಲ ಮಾಡಿದರೆ ಕೆಲಸ ಕೆಟ್ಟಿತು. ಅದಕ್ಕೆ ಒಂದು ಜಾಣತನ ಮಾಡಿದ್ದಾರೆ. ಪ್ರತಿ ಸ್ಲಾಟ್‌ಗೂ ಒಂದು ಎಣಿಕೆ ಇದೆ. ಎಣಿಕೆ 0 ಅಂದ್ರೆ ಸ್ಲಾಟ್ ಪೂರ್ತಿ ಖಾಲಿ. 1 ಅಂದ್ರೆ ಬಳಸುವವರು ಯಾರೂ ಇಲ್ಲ, ಆದರೆ ಟಿಎಲ್‌ಬಿಗಳಲ್ಲಿ ಹಳೇ ನೆನಪು ಇರಬಹುದು. 2 ಅಂದ್ರೆ ಒಬ್ಬರು ಬಳಸುತ್ತಿದ್ದಾರೆ, 3 ಅಂದ್ರೆ ಇಬ್ಬರು. ವಾಪಸ್ ಕೊಡುವಾಗ ಎಣಿಕೆ ಒಂದು ಇಳಿಯುತ್ತೆ ಅಷ್ಟೇ, ಏನೂ ಅಳಿಸಲ್ಲ. ಸ್ಲಾಟ್ ಹುಡುಕುವ ಮುಳ್ಳು ಒಂದು ಸುತ್ತು ಮುಗಿಸಿದಾಗ ಎಣಿಕೆ 1 ಇರುವುದನ್ನೆಲ್ಲ ಒಟ್ಟಿಗೆ ಗುಡಿಸಿ, ಒಂದೇ ಸಲ ಎಲ್ಲ ಕೋರ್‌ಗೂ ಅಳಿಸಲು ಹೇಳುತ್ತೆ. ಐನೂರು ಮ್ಯಾಪಿಂಗ್‌ಗಳ ಖರ್ಚು ಒಂದು ಕೂಗಿನಲ್ಲಿ ತೀರಿತು.

ಇದರ ಬೆಲೆ ಮೂರು.

ಒಂದು, ಸ್ಲಾಟ್‌ಗಳ ಪಟ್ಟಿಗೆ ಇಡೀ ಸಿಸ್ಟಮ್‌ಗೆ ಒಂದೇ ಲಾಕ್. ಕೋರ್‌ಗಳು ಹೆಚ್ಚಾದರೆ ಅಲ್ಲಿ ನೂಕುನುಗ್ಗಲು.

ಎರಡು, ಸ್ಲಾಟ್ ಖಾಲಿ ಇಲ್ಲದಿದ್ದರೆ ಕೇಳಿದವರು ನಿದ್ದೆ ಹೋಗಬೇಕು. ಹಾಗಾಗಿ ಇಂಟರಪ್ಟ್ ಹ್ಯಾಂಡ್ಲರ್‌ನಂಥ, ನಿದ್ದೆ ಹೋಗುವಂತಿಲ್ಲದ ಜಾಗದಲ್ಲಿ ಇದನ್ನು ಕರೆಯುವ ಹಾಗೇ ಇಲ್ಲ.

ಮೂರು, ಡೆಡ್‌ಲಾಕ್. ಒಂದು ಪೇಜ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಲು ಪ್ರತಿ ಥ್ರೆಡ್‌ಗೂ ಎರಡು ಸ್ಲಾಟ್ ಬೇಕು ಅಂದುಕೊಳ್ಳಿ. ಬೇರೆ ಬೇರೆ ಪೇಜ್‌ಗಳ ಮೇಲೆ ಕೆಲಸ ಮಾಡುತ್ತಿರುವ 512 ಥ್ರೆಡ್‌ಗಳು ಒಂದೊಂದು ಸ್ಲಾಟ್ ಹಿಡಿದು ಎರಡನೆಯದಕ್ಕೆ ಕಾಯುತ್ತಾ ಕೂತರೆ? ಯಾರೂ ಬಿಡಲ್ಲ, ಯಾರಿಗೂ ಸಿಗಲ್ಲ. ಪರೀಕ್ಷೆಗೆ ಓದುವ ಡೈನಿಂಗ್ ಫಿಲಾಸಫರ್ಸ್ ಕಥೆ ಇಲ್ಲಿ ನಿಜವಾಗಿಯೇ ನಡೆಯಬಹುದು.

ಎರಡನೇ ಉತ್ತರ: ಕೆಮ್ಯಾಪ್ ಅಟಾಮಿಕ್

ಈ ಸಲ ಯೋಚನೆ ತಿರುಗಿಸಿದರು. ಎಲ್ಲರಿಗೂ ಕಾಣೋದೇ ಖರ್ಚಿನ ಮೂಲ ಅಂದ್ರೆ, ಒಂದೇ ಕೋರ್‌ಗೆ ಕಾಣುವ ಹಾಗೆ ಮಾಡೋಣ. ಪ್ರತಿ ಕೋರ್‌ಗೂ ಅದರದೇ ಕೆಲವು ಸ್ಲಾಟ್. ನನ್ನ ಸ್ಲಾಟ್ ನಾನೇ ಬಳಸೋದು; ಲಾಕ್ ಬೇಡ, ಬೇರೆಯವರಿಗೆ ಕೂಗಿ ಹೇಳುವ ಅಗತ್ಯ ಇಲ್ಲ, ನನ್ನ ಟಿಎಲ್‌ಬಿಯ ಒಂದು ಸಾಲು ಅಳಿಸಿದರೆ ಮುಗಿಯಿತು. ಸ್ಲಾಟ್‌ಗೆ ಕಾಯುವ ಪ್ರಶ್ನೆಯೇ ಇಲ್ಲದ್ದರಿಂದ ಇಂಟರಪ್ಟ್ ಒಳಗೂ ಕರೆಯಬಹುದು.

ಆದರೆ ಈ ಉಪಾಯ ನಿಲ್ಲಬೇಕಾದರೆ ಒಂದು ಷರತ್ತು. ಮ್ಯಾಪಿಂಗ್ ಹಿಡಿದಿರುವ ತನಕ ಆ ಥ್ರೆಡ್ ಆ ಕೋರ್ ಬಿಟ್ಟು ಹೋಗಬಾರದು, ಬೇರೆ ಥ್ರೆಡ್ ಮಧ್ಯೆ ಬಂದು ಅದೇ ಸ್ಲಾಟ್ ತಿದ್ದಬಾರದು. ಹಾಗಾಗಿ ಪ್ರಿಎಂಪ್ಷನ್ ಬಂದ್. ಪೇಜ್ ಫಾಲ್ಟ್ ನಿಭಾಯಿಸುವುದೂ ಬಂದ್, ಯಾಕಂದ್ರೆ ಫಾಲ್ಟ್ ಆದರೆ ಡಿಸ್ಕ್‌ನಿಂದ ಓದಲು ನಿದ್ದೆ ಹೋಗಬೇಕಾಗಬಹುದು. ಪರಿಣಾಮ ನೋಡಿ: ಫೈಲ್‌ಗೆ ಬರೆಯುವಾಗ ಯೂಸರ್ ಬಫರ್‌ನಿಂದ ಡೇಟಾ ಕಾಪಿ ಮಾಡುತ್ತಿದ್ದೇವೆ, ಬಫರ್‌ನ ಪೇಜ್ ಆ ಕ್ಷಣಕ್ಕೆ ರ‍್ಯಾಮ್‌ನಲ್ಲಿ ಇಲ್ಲ. ಕಾಪಿ ಅರ್ಧಕ್ಕೆ ನಿಲ್ಲುತ್ತೆ. ಕೋಡ್ ಬರೆದವರು ಅದನ್ನು ಗುರುತಿಸಿ, ಮ್ಯಾಪಿಂಗ್ ಬಿಟ್ಟು, ಪೇಜ್ ತರಿಸಿ, ಮತ್ತೆ ಪ್ರಯತ್ನಿಸುವ ಎರಡನೇ ದಾರಿಯನ್ನೂ ಬರೆಯಬೇಕು. ಕರ್ನಲ್ ಒಳಗಿನ ಖರ್ಚು ಕೋಡ್ ಬರೆಯುವವರ ಮೇಲೆ ಬಿತ್ತು.

ಸ್ಲಾಟ್ ಹಂಚುವ ಕ್ರಮದಲ್ಲೂ ಒಂದು ಪಾಠ ಇದೆ. ಮೊದಮೊದಲು ಪ್ರತಿ ಸ್ಲಾಟ್‌ಗೂ ಒಂದು ಹೆಸರು ಇತ್ತು: ಯೂಸರ್ ಕೆಲಸಕ್ಕೆ ಎರಡು, ಇಂಟರಪ್ಟ್‌ಗೆ ಬೇರೆ, ಸಾಫ್ಟ್ ಇಂಟರಪ್ಟ್‌ಗೆ ಬೇರೆ, ಹೀಗೆ. ಕರೆಯುವವರೇ ಸರಿಯಾದ ಹೆಸರು ಆರಿಸಿ ಕೊಡಬೇಕಿತ್ತು. ತಪ್ಪು ಹೆಸರು ಕೊಟ್ಟರೆ ಎರಡು ಕಡೆಯ ಕೋಡ್ ಒಂದೇ ಸ್ಲಾಟ್ ಮೇಲೆ ಕೂತು, ಸದ್ದಿಲ್ಲದೆ ಡೇಟಾ ಹಾಳು. ಪೀಟರ್ ಜೈಲ್‌ಸ್ಟ್ರಾ ಅವರ ಕೆಲಸದಿಂದ 2011ರ ಜನವರಿಯಲ್ಲಿ ಬಂದ 2.6.37 ಆವೃತ್ತಿಯಲ್ಲಿ ಇದು ಸ್ಟ್ಯಾಕ್ ಆಯಿತು. ಕೇಳಿದಾಗ ಮೇಲಿನ ಸ್ಲಾಟ್ ಸಿಗುತ್ತೆ, ವಾಪಸ್ ಕೊಡುವಾಗ ಕೊನೆಗೆ ಪಡೆದದ್ದನ್ನು ಮೊದಲು ಕೊಡಬೇಕು. ಇಂಟರಪ್ಟ್ ಬಂದರೆ ಅದು ಮೇಲೆ ಸ್ಲಾಟ್ ಪೇರಿಸಿ, ತಾನು ಹೋಗುವ ಮೊದಲು ಇಳಿಸಿ ಹೋಗುತ್ತೆ. ಹೆಸರು ಆರಿಸುವ ಸ್ವಾತಂತ್ರ್ಯ ಹೋಯಿತು, ಅದರ ಜೊತೆ ಒಂದು ಇಡೀ ಜಾತಿಯ ದೋಷವೂ ಹೋಯಿತು.

ಉಳಿದ ದೊಡ್ಡ ದೂರು ಬೇರೆ. 64-ಬಿಟ್ ಯಂತ್ರದಲ್ಲಿ ಹೈಮೆಮ್ ಇಲ್ಲವೇ ಇಲ್ಲ; ಮ್ಯಾಪ್ ಮಾಡಲು ಏನೂ ಇಲ್ಲ. ಆದರೂ ಕೆಮ್ಯಾಪ್ ಅಟಾಮಿಕ್ ಅಲ್ಲೂ ಪ್ರಿಎಂಪ್ಷನ್ ಮತ್ತು ಪೇಜ್ ಫಾಲ್ಟ್ ಎರಡನ್ನೂ ಬಂದ್ ಮಾಡುತ್ತಿತ್ತು, ಎಲ್ಲ ಕಡೆ ಒಂದೇ ನಡತೆ ಇರಲಿ ಅಂತ. ಹಳೇ ಯಂತ್ರಗಳ ಸಮಸ್ಯೆಗೆ ಹೊಸ ಯಂತ್ರಗಳೂ ದಂಡ ಕಟ್ಟಿದ ಹಾಗೆ. ರಿಯಲ್-ಟೈಮ್ ಕೆಲಸದವರಿಗಂತೂ ಇದು ನುಂಗಲಾರದ ತುತ್ತು: ಯಂತ್ರದ ತೋಳನ್ನು ಸರಿಯಾದ ಮೈಕ್ರೋಸೆಕೆಂಡ್‌ಗೆ ನಿಲ್ಲಿಸಬೇಕಾದ ಥ್ರೆಡ್, ಇನ್ಯಾರದೋ ಪೇಜ್ ಕಾಪಿ ಮುಗಿಯಲಿ ಅಂತ ಕಾಯಬೇಕು.

ಮೂರನೇ ಉತ್ತರ: ಕೆಮ್ಯಾಪ್ ಲೋಕಲ್

2021ರ ಫೆಬ್ರವರಿಯಲ್ಲಿ ಬಂದ 5.11 ಆವೃತ್ತಿಯಲ್ಲಿ ಥಾಮಸ್ ಗ್ಲೈಕ್ಸ್ನರ್ ಅವರ ಕೆಮ್ಯಾಪ್ ಲೋಕಲ್ ಸೇರಿತು. ರಿಯಲ್-ಟೈಮ್ ಪ್ಯಾಚ್‌ಗಳಲ್ಲಿ ಮೊದಲೇ ಇದ್ದ ಉಪಾಯದ ಬೆಳೆದ ರೂಪ ಇದು.

ಪ್ರಶ್ನೆ ಹೀಗೆ: ಪ್ರಿಎಂಪ್ಷನ್ ಯಾಕೆ ಬಂದ್ ಮಾಡಿದ್ದೆವು? ಬೇರೆ ಥ್ರೆಡ್ ಬಂದರೆ ನಮ್ಮ ಸ್ಲಾಟ್ ತಿದ್ದುತ್ತೆ ಅಂತ. ಹಾಗಾದರೆ ಥ್ರೆಡ್ ಬದಲಾಗುವಾಗ ಸ್ಲಾಟ್‌ಗಳನ್ನೂ ಬದಲಿಸಿದರೆ? ರಿಜಿಸ್ಟರ್‌ಗಳನ್ನು ಉಳಿಸಿ ಮತ್ತೆ ತುಂಬಿಸುವ ಹಾಗೇ. ಹೊರಗೆ ಹೋಗುವ ಥ್ರೆಡ್‌ನ ಮ್ಯಾಪಿಂಗ್‌ಗಳನ್ನು ತೆಗೆದು ಅದರ ಟಾಸ್ಕ್ ರಚನೆಯಲ್ಲಿ ಬರೆದಿಟ್ಟುಕೊಂಡಿರುತ್ತೆ. ಅದೇ ಥ್ರೆಡ್ ವಾಪಸ್ ಬಂದಾಗ ಅದೇ ವಿಳಾಸಗಳಿಗೆ ಮತ್ತೆ ಹಾಕುತ್ತೆ. ಪಾಯಿಂಟರ್ ಕೆಡಲ್ಲ. ಸ್ಲಾಟ್‌ನ ವಿಳಾಸ ಆ ಕೋರ್‌ಗೆ ಅಂಟಿಕೊಂಡದ್ದರಿಂದ ಥ್ರೆಡ್ ಬೇರೆ ಕೋರ್‌ಗೆ ಹೋಗುವ ಹಾಗಿಲ್ಲ. ಆ ಒಂದು ನಿರ್ಬಂಧ ಮಾತ್ರ ಉಳಿಯಿತು, ಅದೂ ಹೈಮೆಮ್ ಇರುವ ಯಂತ್ರದಲ್ಲಿ ಮಾತ್ರ. ಪ್ರಿಎಂಪ್ಷನ್ ನಡೆಯುತ್ತೆ, ಪೇಜ್ ಫಾಲ್ಟ್ ಆಗಬಹುದು.

ಈಗ ಖರ್ಚು ಯಾರ ಮೇಲೆ ಬಿತ್ತು? ಹೈಮೆಮ್ ಇರುವ 32-ಬಿಟ್ ಯಂತ್ರದಲ್ಲಿ, ಮ್ಯಾಪಿಂಗ್ ಹಿಡಿದಿರುವಾಗಲೇ ಸ್ವಿಚ್ ಆದ ಥ್ರೆಡ್ ಮೇಲೆ. 64-ಬಿಟ್‌ನಲ್ಲಿ ಇದು ಬರೀ ಒಂದು ಕೂಡುವ ಲೆಕ್ಕ. ಯಾರಿಗೆ ಸೌಲಭ್ಯ ಬೇಕೋ ಅವರೇ ಹಣ ಕೊಡುವ ಏರ್ಪಾಡು. ಮೂರು ವಿನ್ಯಾಸಗಳಲ್ಲಿ ನಮಗೆ ಇದು ಹೆಚ್ಚು ನ್ಯಾಯ ಅನ್ನಿಸೋದು ಈ ಕಾರಣಕ್ಕೆ.

ಕಳಕೊಂಡದ್ದೂ ಇದೆ. ಈ ಪಾಯಿಂಟರ್ ಆ ಥ್ರೆಡ್‌ಗೆ ಮಾತ್ರ. ಇನ್ನೊಂದು ಥ್ರೆಡ್‌ಗೆ ಕೊಟ್ಟರೆ ಅದು ಯಾವ ಪೇಜ್ ನೋಡುತ್ತೋ ಹೇಳೋಕಾಗಲ್ಲ. ಎರಡು ಮ್ಯಾಪ್ ಮಾಡಿದ್ದರೆ ತಿರುಗುಮುರುಗಾಗಿ ಬಿಡಬೇಕು. ಸ್ಲಾಟ್‌ಗಳು ಬೆರಳೆಣಿಕೆ, ಆದ್ದರಿಂದ ರಾಶಿ ರಾಶಿ ಹಿಡಿಯುವ ಹಾಗಿಲ್ಲ. ಕೆಮ್ಯಾಪ್ ಮತ್ತು ಕೆಮ್ಯಾಪ್ ಅಟಾಮಿಕ್ ಎರಡನ್ನೂ ಹೊಸ ಕೋಡ್‌ನಲ್ಲಿ ಬಳಸಬೇಡಿ ಅಂತ ಕರ್ನಲ್ ದಾಖಲೆಯೇ ಹೇಳುತ್ತೆ. ಆದರೆ ಹಳೇ ಕೋಡ್ ಬದಲಿಸೋದು ಹೆಸರು ತಿದ್ದಿದಷ್ಟು ಸುಲಭ ಅಲ್ಲ. ಕೆಲವು ಕಡೆ ಕೋಡ್ ತನಗೇ ಗೊತ್ತಿಲ್ಲದೆ ಆ "ಬಂದ್" ಮೇಲೆ ನಿಂತಿರುತ್ತೆ. ಹೆಸರು ಬದಲಿಸುವ ಮೊದಲು, ಮಧ್ಯದ ಸಾಲುಗಳು ಪ್ರಿಎಂಪ್ಷನ್ ಅಥವಾ ಪೇಜ್ ಫಾಲ್ಟ್ ಬಂದ್ ಆಗಿರುವುದನ್ನು ನಂಬಿಕೊಂಡಿವೆಯೇ ಅಂತ ಓದಿ ನೋಡಬೇಕು. ನಂಬಿಕೊಂಡಿದ್ದರೆ ಅದನ್ನು ಬಾಯಿಬಿಟ್ಟು ಬರೆಯಬೇಕು.

ಫ್ರೀಬಿಎಸ್‌ಡಿ ಹಿಡಿದ ದಾರಿ

ಇದೊಂದೇ ದಾರಿ ಅಂದುಕೊಳ್ಳಬೇಡಿ. ಫ್ರೀಬಿಎಸ್‌ಡಿಯಲ್ಲಿ ಎಸ್‌ಎಫ್ ಬಫ್ ಎಂಬ ವ್ಯವಸ್ಥೆ ಇದೆ. ಫೈಲನ್ನು ನೇರ ನೆಟ್‌ವರ್ಕ್‌ಗೆ ಕಳಿಸುವ ಸೆಂಡ್‌ಫೈಲ್ ಕರೆಗಾಗಿ ಬಂದದ್ದು. 32-ಬಿಟ್ ಎಕ್ಸ್86ನಲ್ಲಿ ಇದು ಮ್ಯಾಪಿಂಗ್‌ಗಳನ್ನು ಕ್ಯಾಶ್ ಥರ ನೋಡುತ್ತೆ. ವಾಪಸ್ ಕೊಟ್ಟ ಮೇಲೂ ಮ್ಯಾಪಿಂಗ್ ಹಾಗೇ ಇರುತ್ತೆ. ಅದೇ ಪೇಜ್ ಮತ್ತೆ ಬೇಕು ಅಂದ್ರೆ ಹಳೆಯದನ್ನೇ ಕೊಡುತ್ತೆ. ವೆಬ್ ಸರ್ವರ್ ಒಂದೇ ಚಿತ್ರವನ್ನು ಸಾವಿರ ಜನಕ್ಕೆ ಕಳಿಸುವಾಗ ಇದು ಒಳ್ಳೇ ಲಾಭ. ಜೊತೆಗೆ "ಇದನ್ನು ನನ್ನ ಕೋರ್‌ನಲ್ಲಿ ಮಾತ್ರ ಬಳಸ್ತೀನಿ" ಅಂತ ಕರೆಯುವವರು ಹೇಳಬಹುದು. ಹೇಳಿದರೆ ಶೂಟ್‌ಡೌನ್ ಉಳಿಯುತ್ತೆ. ಯಾವ ಕೋರ್‌ಗಳ ಟಿಎಲ್‌ಬಿ ಶುದ್ಧವಾಗಿದೆ ಅಂತ ಪ್ರತಿ ಬಫ್ ಲೆಕ್ಕ ಇಟ್ಟಿರುತ್ತೆ. ಲಿನಕ್ಸ್ ಮೂರು ಬೇರೆ ಫಂಕ್ಷನ್‌ಗಳಲ್ಲಿ ಹೇಳಿದ್ದನ್ನು ಇವರು ಒಂದೇ ಫಂಕ್ಷನ್‌ನ ಫ್ಲ್ಯಾಗ್‌ನಲ್ಲಿ ಹೇಳಿದರು. ಒಂದೇ ಪೇಜ್ ಮತ್ತೆ ಮತ್ತೆ ಬರದ ಕೆಲಸದಲ್ಲಿ ಮಾತ್ರ ಆ ಹುಡುಕಾಟದ ಖರ್ಚು ದಂಡ.

64-ಬಿಟ್ ಬಂದ ಮೇಲೆ ಇದನ್ನೆಲ್ಲ ಓದೋದು ಯಾಕೆ?

ನ್ಯಾಯವಾದ ಪ್ರಶ್ನೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಡೈರೆಕ್ಟ್ ಮ್ಯಾಪ್‌ಗೆ 64 ಟಿಬಿ ಜಾಗ ಇದೆ. ಇಡೀ ರ‍್ಯಾಮ್ ಆರಾಮಾಗಿ ಕೂರುತ್ತೆ. ಆದರೆ ಎರಡು ಕಾರಣಕ್ಕೆ ಈ ಪಾಠ ಹಳತಾಗಿಲ್ಲ.

ಮೊದಲನೆಯದು, 32-ಬಿಟ್ ಆರ್ಮ್ ಬೋರ್ಡ್‌ಗಳು ಇನ್ನೂ ಬಳಕೆಯಲ್ಲಿವೆ. ಡ್ರೈವರ್ ಬರೆಯುವ ನಾವು ಪರೀಕ್ಷೆ ಮಾಡೋದು 64-ಬಿಟ್ ಲ್ಯಾಪ್‌ಟಾಪ್ ಮೇಲೆ. ಅಲ್ಲಿ ತಪ್ಪು ಕ್ರಮದಲ್ಲಿ ವಾಪಸ್ ಕೊಟ್ಟರೂ, ಪಾಯಿಂಟರ್ ಬೇರೆ ಥ್ರೆಡ್‌ಗೆ ದಾಟಿಸಿದರೂ ಏನೂ ಆಗಲ್ಲ. ದೋಷ ಹೊರಬೀಳೋದು ಎಲ್ಲೋ ಕಾರ್ಖಾನೆಯ ಮೂಲೆಯ ಬೋರ್ಡ್‌ನಲ್ಲಿ, ಕೆಟ್ಟ ಡೇಟಾ ರೂಪದಲ್ಲಿ. ಇದಕ್ಕಾಗಿಯೇ 5.11ರಲ್ಲಿ ಒಂದು ಡೀಬಗ್ ಆಯ್ಕೆ ಸೇರಿಸಿದ್ದಾರೆ: ಅದನ್ನು ಆನ್ ಮಾಡಿದರೆ 64-ಬಿಟ್‌ನಲ್ಲೂ ಬಲವಂತವಾಗಿ ತಾತ್ಕಾಲಿಕ ಮ್ಯಾಪಿಂಗ್ ನಡೆಯುತ್ತೆ, ತಪ್ಪು ನಮ್ಮ ಮೇಜಿನ ಮೇಲೇ ಸಿಕ್ಕಿಬೀಳುತ್ತೆ.

ಎರಡನೆಯದು ಭದ್ರತೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಬಯಲಾದಾಗ ಒಂದು ವಿಷಯ ಎಲ್ಲರಿಗೂ ನಾಟಿತು: ಇಡೀ ರ‍್ಯಾಮ್ ಕರ್ನಲ್ ವಿಳಾಸದಲ್ಲಿ ಸದಾ ತೆರೆದಿದೆ ಅಂದ್ರೆ, ಕಳ್ಳನಿಗೂ ಒಂದೇ ಬಾಗಿಲು ಸಾಕು. ಆವಾಗಿನಿಂದ "ಕಾಣುವುದನ್ನು ಕಡಿಮೆ ಮಾಡೋಣ" ಎಂಬ ದಿಕ್ಕಿಗೆ ಕೆಲಸ ನಡೆದಿದೆ. 2021ರ 5.14 ಆವೃತ್ತಿಯ ಮೆಮ್‌ಎಫ್‌ಡಿ ಸೀಕ್ರೆಟ್ ಎಂಬ ಸಿಸ್ಟಮ್ ಕಾಲ್, ಗುಟ್ಟಿನ ಪೇಜ್‌ಗಳನ್ನು ಡೈರೆಕ್ಟ್ ಮ್ಯಾಪ್‌ನಿಂದಲೇ ಕಿತ್ತುಹಾಕುತ್ತೆ. ಇದಕ್ಕೂ ಬೆಲೆ ಇದೆ: ಡೈರೆಕ್ಟ್ ಮ್ಯಾಪ್ 2 ಎಂಬಿ, 1 ಜಿಬಿಯ ದೊಡ್ಡ ಪೇಜ್‌ಗಳಲ್ಲಿ ಇರುತ್ತೆ, ಮಧ್ಯದಿಂದ ಒಂದು 4 ಕೆಬಿ ಕೀಳಬೇಕಾದರೆ ದೊಡ್ಡದನ್ನು ಒಡೆಯಬೇಕು, ಟಿಎಲ್‌ಬಿ ಮೇಲೆ ಭಾರ ಬೀಳುತ್ತೆ.

ಇನ್ನೊಂದು ಚೆಂದದ ಉದಾಹರಣೆ, ಕರ್ನಲ್ ತನ್ನದೇ ಕೋಡ್ ತಿದ್ದುವುದು. ಟ್ರೇಸಿಂಗ್ ಮುಂತಾದ ಕೆಲಸಕ್ಕೆ ಇದು ಬೇಕು, ಆದರೆ ಕೋಡ್ ಇರುವ ಪೇಜ್‌ಗಳಿಗೆ ಬರೆಯುವ ಅನುಮತಿ ಇಲ್ಲ. ಮೊದಲು, ಬರೆಯಬಹುದಾದ ಇನ್ನೊಂದು ವಿಳಾಸವನ್ನು ಗಳಿಗೆ ಮಟ್ಟಿಗೆ ತೆರೆಯುತ್ತಿದ್ದರು. ಅದು ಎಲ್ಲ ಕೋರ್‌ಗೂ ಕಾಣುತ್ತಿತ್ತು, ಆ ಗಳಿಗೆಯಲ್ಲೇ ಇನ್ನೊಂದು ಕೋರ್‌ನಿಂದ ದಾಳಿ ಸಾಧ್ಯವಿತ್ತು. 2019ರ 5.2 ಆವೃತ್ತಿಯಿಂದ ಎಕ್ಸ್86ನಲ್ಲಿ ಇದಕ್ಕೇ ಒಂದು ಪ್ರತ್ಯೇಕ ಪೇಜ್ ಟೇಬಲ್ ಇದೆ. ತಿದ್ದುವ ಕೋರ್ ಮಾತ್ರ ಇಂಟರಪ್ಟ್ ಮುಚ್ಚಿಕೊಂಡು ಅದನ್ನು ಹಾಕಿಕೊಳ್ಳುತ್ತೆ, ಬರೆಯುತ್ತೆ, ತೆಗೆದಿಡುತ್ತೆ. ಉಳಿದ ಕೋರ್‌ಗಳಿಗೆ ಆ ವಿಳಾಸ ಇತ್ತು ಅಂತಲೇ ಗೊತ್ತಾಗಲ್ಲ. ಹಾಗಾಗಿ ಶೂಟ್‌ಡೌನ್ ಕೂಡ ಬೇಡ. ಹೈಮೆಮ್ ಕಾಲದಲ್ಲಿ ವೇಗಕ್ಕಾಗಿ ಕೇಳಿದ "ಯಾರಿಗೆ ಕಾಣುತ್ತೆ?" ಎಂಬ ಪ್ರಶ್ನೆ, ಇಲ್ಲಿ ಭದ್ರತೆಗಾಗಿ ಅದೇ ಉತ್ತರ ಪಡೆಯಿತು.

ನೆನಪಿಗೆ ನಾಲ್ಕು ಸಾಲು

ತಾತ್ಕಾಲಿಕ ಮ್ಯಾಪಿಂಗ್‌ನ ಯಾವ ವಿನ್ಯಾಸ ಕಂಡರೂ ಈ ನಾಲ್ಕು ಕೇಳಿ ನೋಡಿ.

1. ವಿಳಾಸ ಯಾರಿಗೆ ಕಾಣುತ್ತೆ: ಎಲ್ಲರಿಗೋ, ಒಂದು ಕೋರ್‌ಗೋ, ಒಂದು ಥ್ರೆಡ್‌ಗೋ?
2. ಹಿಡಿದಿರುವಾಗ ಏನು ಮಾಡುವಂತಿಲ್ಲ: ನಿದ್ದೆಯೋ, ಕೋರ್ ಬದಲಿಸೋದೋ?
3. ಅಳಿಸೋದು ಯಾವಾಗ: ತಕ್ಷಣವೋ, ಒಟ್ಟಿಗೋ, ಇನ್ನೊಬ್ಬರು ಕೇಳಿದಾಗಲೋ?
4. ಸೌಲಭ್ಯ ಬೇಡದವರು ಎಷ್ಟು ಕೊಡುತ್ತಿದ್ದಾರೆ?

ನೀವೇ ಮಾಡಿ ನೋಡಿ

ಅ) ಪಿಎಇ ಇಲ್ಲದ, 2 ಜಿಬಿ ರ‍್ಯಾಮ್‌ನ ಎಕ್ಸ್86 ಯಂತ್ರದಲ್ಲಿ ಒಂದು ಕೆಮ್ಯಾಪ್ ಸ್ಲಾಟ್‌ಗೆ ಎಷ್ಟು ಹೈಮೆಮ್ ಪೇಜ್?

ಆ) 64 ಜಿಬಿ ರ‍್ಯಾಮ್ ಇದ್ದಾಗ, ಪ್ರತಿ ಪೇಜ್‌ನ ಲೆಕ್ಕಕ್ಕೆ ಕರ್ನಲ್ 32 ಬೈಟ್ ಇಡುತ್ತೆ ಅಂದುಕೊಳ್ಳಿ. ಆ ಲೆಕ್ಕದ ಪುಸ್ತಕ ಕೆಳಗಿನ 896 ಎಂಬಿಯಲ್ಲೇ ಇರಬೇಕು. ಎಷ್ಟು ಜಾಗ ತಿನ್ನುತ್ತೆ?

ಇ) ಕೆಮ್ಯಾಪ್ ಲೋಕಲ್‌ನಿಂದ ಪಡೆದ ಪಾಯಿಂಟರನ್ನು ವರ್ಕ್‌ಕ್ಯೂಗೆ ಕೊಟ್ಟು, ಕೆಲಸ ಆಮೇಲೆ ಮಾಡಿಸಬಹುದೇ?

ಉತ್ತರ: ಅ) 1152 ಎಂಬಿ, ಅಂದ್ರೆ 2,94,912 ಪೇಜ್, 1024 ಸ್ಲಾಟ್‌ಗೆ ಭಾಗಿಸಿದರೆ 288. ಆ) 1,67,77,216 ಪೇಜ್, ತಲಾ 32 ಬೈಟ್, ಒಟ್ಟು 512 ಎಂಬಿ. ಅರ್ಧಕ್ಕಿಂತ ಹೆಚ್ಚು ಲೋ ಮೆಮೊರಿ ಬರೀ ಲೆಕ್ಕಕ್ಕೇ ಹೋಯಿತು. 32-ಬಿಟ್‌ನಲ್ಲಿ 64 ಜಿಬಿ ಹಾಕಿದವರ ಪಾಡು ಇದರಿಂದಲೇ ಗೊತ್ತಾಗುತ್ತೆ. ಇ) ಆಗಲ್ಲ. ವರ್ಕ್‌ಕ್ಯೂ ಓಡೋದು ಬೇರೆ ಥ್ರೆಡ್‌ನಲ್ಲಿ. ಪೇಜನ್ನೇ ಕೊಡಿ, ವಿಳಾಸ ಅಲ್ಲಿ ಹೋಗಿ ಪಡೆಯಲಿ.